ಕಿಟಕಿ ಸೀಟು ಹಿಡಿದ ಟವಲು

ಹೊಸ ವೇಳಾಪಟ್ಟಿ ಜಾರಿಯಾದ ಮೊದಲ ಬೆಳಿಗ್ಗೆ, ತಾಳಿಕೋಟೆ ಬಸ್ ನಿಲ್ದಾಣದ ಮೂರನೇ ಅಂಕಣಕ್ಕೆ ಒಂಬತ್ತು ಗಂಟೆಯ ಬಸ್ಸು ಬಂತು. ಅದು ಪೂರ್ತಿ ನಿಲ್ಲುವ ಮೊದಲೇ, ಮೊಮ್ಮಗಳ ತೊಟ್ಟಿಲ ಕಾರ್ಯಕ್ಕೆ ಮುದ್ದೇಬಿಹಾಳಕ್ಕೆ ಹೊರಟಿದ್ದ ಸಿದ್ರಾಮಪ್ಪ ಹೆಗಲ ಮೇಲಿನ ಟವಲನ್ನು ಕಿಟಕಿಯೊಳಗೆ ಎಸೆದು ಬಾಗಿಲಿನ ನೂಕುನುಗ್ಗಲಿಗೆ ಓಡಿದ. ಟವಲು ಕಿಟಕಿ ಸೀಟಿನ ಮೇಲೆ ಉದ್ದಕ್ಕೆ ಮಲಗಿತು.

"ಮೊದಲ ಸೀಟು ನನ್ನದೇ," ಎಂದು ಹಿಗ್ಗಿತು. "ನನ್ನಷ್ಟು ಚುರುಕು ಯಾರಿದ್ದಾರೆ?"

ಕೆಳಗೆ ನೀಲಮ್ಮ ಟೀಚರ ಕೈಯಲ್ಲಿದ್ದ ಛತ್ರಿ ಕೇಳಿತು: "ಟವಲಣ್ಣ, ಬೋರ್ಡು ಓದಿದೆಯಾ?"

"ಹತ್ತು ವರ್ಷದಿಂದ ಈ ಹೊತ್ತಿಗೆ ಇಲ್ಲಿ ನಿಲ್ಲೋದು ಮುದ್ದೇಬಿಹಾಳದ ಬಸ್ಸೇ. ಬೋರ್ಡು ಓದುತ್ತ ನಿಂತವರಿಗೆ ಸೀಟು ಸಿಗುತ್ತದಾ, ಛತ್ರಿಯಕ್ಕ?"

ಈ ಟವಲು ಬಿದ್ದದ್ದೇ ತಡ, ಇನ್ನೂ ಹತ್ತು ಟವಲು, ಎರಡು ಚೀಲ, ಒಂದು ಚಪ್ಪಲಿ ಹಾರಿ ಬಂದವು. ಬಸ್ಸು ತುಂಬಿತು.

ಅಷ್ಟರಲ್ಲಿ ಪಕ್ಕದ ಅಂಕಣಕ್ಕೆ ಇನ್ನೊಂದು ಬಸ್ಸು ಬಂತು. ಅದರ ಬೋರ್ಡಿನ ಮೇಲೆ ದಪ್ಪಕ್ಷರದಲ್ಲಿ 'ಮುದ್ದೇಬಿಹಾಳ, ನೇರ' ಎಂದಿತ್ತು. ಛತ್ರಿ ಟೀಚರ ಜೊತೆ ನಿಧಾನವಾಗಿ ಹತ್ತಿ ಕಿಟಕಿ ಪಕ್ಕ ಒರಗಿತು.

ಟವಲು ಈಗ ಆ ಬೋರ್ಡು ಓದಿ ಕೂಗಿತು: "ಛತ್ರಿಯಕ್ಕ, ಅಲ್ಲಿ ನಮಗೊಂದು ಸೀಟು ಹಿಡಿ."

"ಇಲ್ಲಿ ಹಿಡಿಯೋದೇ ಬೇಡ, ಎಲ್ಲ ಖಾಲಿ. ಬೇಗ ಎದ್ದು ಬಾ."

ಟವಲು ಏಳಲು ನೋಡಿತು. ಅಷ್ಟರಲ್ಲಿ ಸಿದ್ರಾಮಪ್ಪ ಬೆವರು ಒರೆಸಿಕೊಳ್ಳುತ್ತ ಬಂದು, "ಭೇಷ್, ಸೀಟು ಉಳಿಸಿದೆ," ಎಂದು ಅದರ ಮೇಲೆಯೇ ಕೂತ. ಬಸ್ಸು ಮುದ್ದೇಬಿಹಾಳದ ದಾರಿ ಬಿಟ್ಟು ಬಸವನ ಬಾಗೇವಾಡಿಯ ದಾರಿ ಹಿಡಿಯಿತು.