ಬಿರುದಿಗೊಂದು ಕಾಲಂ

ಬೆಳಗಾವಿಯ ಫೌಂಡ್ರಿ ಮಾಲಕರಾದ ರುದ್ರಗೌಡರಿಗೆ ಬಿರುದೆಂದರೆ ಪ್ರಾಣ, ಫೋನೆಂದರೆ ತಲೆನೋವು. ಯಾರ ಫೋನು ಬಂದರೂ "ಸಾಹೇಬ್ರು ಪೂಜಿಗೆ ಕುಂತಾರ್ರಿ" ಎನ್ನುವುದು ಗುಮಾಸ್ತೆ ಮಹಾನಂದಾಳ ಪಾಲಿನ ಕೆಲಸ.

ಅವರ ಎರಕದ ಮಾಲು ಕೊಳ್ಳುವ ಜರ್ಮನಿಯ ಕಂಪನಿಗೆ ಕಂಪ್ಯೂಟರ್ ಬಿಲ್ಲೇ ಬೇಕು. ಯಾವ ಕಾಲಮಿನಲ್ಲಿ ಏನಿರಬೇಕೋ ಅಷ್ಟೇ ಇರಬೇಕು. ಗೌಡರು ತಮ್ಮ ಕಂಪನಿಯ ಹೆಸರಿನ ಜೊತೆ 'ಉದ್ಯಮಭೂಷಣ, ಸಮಾಜದೀಪ' ಎಂದೆಲ್ಲ ತುಂಬಿಸಿದ್ದಕ್ಕೆ ಅಲ್ಲಿನ ಯಂತ್ರ ಬಿಲ್ಲನ್ನು ವಾಪಸು ಅಟ್ಟಿತ್ತು.

"ಬಿರುದಿಲ್ಲದ ಬಿಲ್ಲು ಹೊರಗ ಹೋದ್ರ ನೀನೂ ಹೊರಗ ಹೋಗ್ತಿ" ಎಂದರು ಗೌಡರು.

ಮಹಾನಂದಾ ತಲೆಯಾಡಿಸಿದಳು. "ಮನುಷ್ಯಾರ ಹೆಸರಿಗಂತ ಬ್ಯಾರೆ ಕಾಲಂ ಐತ್ರಿ ಸಾಹೇಬ್ರ. ಬಿರುದು ಅಲ್ಲೇ ಹಾಕ್ತೇನಿ. ತಕರಾರಿದ್ರ ಯಾರಿಗೆ ಫೋನ್ ಮಾಡಬೇಕು ಅನ್ನೂ ಕಾಲಂ ಅದು. ಮಗ್ಗಲಿಗೆ ನಿಮ್ಮ ನಂಬರೂ ಹಾಕಬೇಕಾಗತೈತ್ರಿ. ಇಲ್ಲಂದ್ರ ಮತ್ತ ವಾಪಸ್ ಬರತೈತಿ."

ಮೀಸೆಯ ಮೇಲಿದ್ದ ಗೌಡರ ಕೈ ಅಲ್ಲೇ ನಿಂತಿತು. "ಅವ್ರು ಖರೇನ ಫೋನ್ ಮಾಡ್ತಾರೇನ?"

"ಮಾಲಿನ್ಯಾಗ ಸೂಜಿಮೊನೆಯಷ್ಟು ತೂತು ಕಂಡ್ರೂ ಮಾಡ್ತಾರ್ರಿ. ಇಂಗ್ಲಿಷಿನ್ಯಾಗ."

"ಹಂಗಾದ್ರ ನಿನ್ನ ಹೆಸರ ಹಾಕು."

ಬಿಲ್ಲು ಹೋಯಿತು, ತಿರುಗಿ ಬರಲಿಲ್ಲ. ಮಹಾನಂದಾ ನೆಮ್ಮದಿಯಿಂದ ಚಹಾ ತರಿಸಿಕೊಂಡಳು. ಅಷ್ಟರಲ್ಲಿ ಫೋನು ಬಡಿದುಕೊಂಡಿತು. ಗೌಡರ ಕೋಣೆಯೊಳಗಿಂದ, ಮೊಟ್ಟಮೊದಲ ಬಾರಿಗೆ, ಪೂಜೆಯ ಗಂಟೆ ಕೇಳಿಸಿತು.