ಜವರ ತಂದ ಹಸಿರು ದೀಪ

ಅಳಬೇಕೋ ನಗಬೇಕೋ ನೀವೇ ಹೇಳಿ. ಚಿಕ್ಕತಾಯಮ್ಮನಿಗೆ ಒಬ್ಬನೇ ಮಗ, ಜವರ. ಹೇಳಿದ್ದನ್ನು ಹೇಳಿದ ಹಾಗೇ ಮಾಡೋನು. ತೊಂದರೆ ಬಂದಿದ್ದೇ ಅದರಿಂದ!

ಬಣ್ಣದ ಫ್ಯಾಕ್ಟರಿ ಬಂದಮೇಲೆ ಅವರ ಊರಿನ ನೀರು ವಿಷವಾಗಿತ್ತು. ಕುಡಿದ ಮೇಕೆಗಳು ಕಾಲು ಚಾಚಿದ್ದವು. ಅವತ್ತು ಮಗಳು ರತ್ನಿ ಆಸ್ಪತ್ರೆಯಿಂದ ಹಸುಗೂಸು ಎತ್ಕೊಂಡು ಬರೋಳು. ಅವಳಿಗೆ ಎದೆಹಾಲಿಲ್ಲ, ಪುಡಿಹಾಲೇ ಗತಿ. ಕಲಸೋಕೆ ನೀರೆಲ್ಲಿ? ಚಿಕ್ಕತಾಯಮ್ಮ ಮಂಡಿನೋವಿನ ಹೆಂಗಸು, ದೂರ ನಡೆಯೋ ಹಾಗಿಲ್ಲ. ಪುಣ್ಯಕ್ಕೆ ನರ್ಸಮ್ಮ ನೀರು ನೋಡೋ ಕೈಮಿಷನ್ನು ಕೊಟ್ಟು ಹೋಗಿದ್ದಳು.

"ಜವರಾ, ಒಂದೊಂದೇ ಬೋರಿನ ನೀರಿಗೆ ಇದರ ತುದಿ ಅದ್ದು. ಕೆಂಪು ದೀಪ ಹತ್ತಿದ್ರೆ ವಿಷ, ಬಿಟ್ಟುಬಿಡು. ಹಸಿರು ಹತ್ತಿದ್ರೆ ತಕ್ಕೊಂಡು ಓಡಿ ಬಾ!"

ಓಡಿ ಬಂದ. ಕೈಯಲ್ಲಿ ಮಿಷನ್ನು, ಮಿಷನ್ನಲ್ಲಿ ಹಸಿರು ದೀಪ.

"ತಂದೆ ಕಣವ್ವಾ! ಗುಡ್ಡದ ಬೋರಲ್ಲಿ ಹತ್ತಿತು!"

"ನೀರೆಲ್ಲೋ?"

"ನೀರು ಅಲ್ಲೇ ಅದೆ!"

"ಅಯ್ಯೋ ಮಂಕುದಿಣ್ಣೆ! ಕೂಸಿಗೆ ದೀಪ ಕುಡಿಸ್ಲಾ? ಕೊಡ ತುಂಬ್ಕೊಂಡು ಬಾರೋ, ಕರೆಂಟು ಹೋಗೋದ್ರೊಳಗೆ!"

ಹೋದ. ತುಂಬ್ಕೊಂಡು ಬಂದ. ಅವ್ವ ಹೇಳಿದ್ದು ಕೊಡ ತುಂಬೋಕೆ ತಾನೆ? ಹತ್ತಿರದಲ್ಲಿದ್ದ ಫ್ಯಾಕ್ಟರಿ ಪಕ್ಕದ ಬೋರಲ್ಲೇ ತುಂಬಿದ್ದ! ಚಿಕ್ಕತಾಯಮ್ಮ ತುದಿ ಅದ್ದಿದಳು. ಕೆಂಪು! ಕೊಡದ ನೀರನ್ನ ಬೀದಿಗೆ ಚೆಲ್ಲಿದಳು.

"ಕೂಸನ್ನ ಕೊಲ್ತಿದ್ದೆಯಲ್ಲೋ! ಇನ್ಮೇಲೆ ಕೆಂಪು ಕಂಡ್ರೆ ನಿಂತ ಕಾಲಲ್ಲೇ ಚೆಲ್ಲಿಬಿಡು, ನನ್ನನ್ನೂ ಕೇಳಬೇಡ! ಗುಡ್ಡದ ಬೋರಿಗೆ ಹೋಗು!"

ಗುಡ್ಡಕ್ಕೇ ಹೋದ. ಕೊಡ ಹೊತ್ತು ಅವನು ಹೊಸ್ತಿಲು ದಾಟೋದಕ್ಕೂ ಕರೆಂಟು ಹೋಗೋದಕ್ಕೂ ಸರಿಹೋಯ್ತು. ಇನ್ನು ನಾಳೆವರೆಗೆ ಯಾವ ಬೋರಲ್ಲೂ ನೀರಿಲ್ಲ. ಅವ್ವ ಮಿಷನ್ನಿನ ತುದಿ ಅದ್ದಿದಳು. ಹಸಿರು! "ಗೆದ್ದೆ ನನ್ನಪ್ಪಾ!" ಅಂತ ಮಗನ ತಲೆ ಸವರಿದಳು.

ಅಷ್ಟರಲ್ಲಿ ಆಟೋ ಸದ್ದು. ಬಾಣಂತಿಗೆ ಆರತಿ ಎತ್ತದೆ ಒಳಗೆ ಕರೆಯೋದುಂಟೇ? ಅದೇ ಕೊಡದಿಂದ ಒಂದು ಲೋಟ ನೀರು ತಟ್ಟೆಗೆ ಬಗ್ಗಿಸಿ, ಅರಿಶಿನ ಸುಣ್ಣ ಕಲಸಿ, ಚಿಕ್ಕತಾಯಮ್ಮ ಬಾಗಿಲಿಗೆ ಹೋದಳು.

ಜವರ ತಟ್ಟೆ ನೋಡಿದ. ಕೊಡದ ನೀರು, ಕೆಂಪಂದ್ರೆ ಕೆಂಪು! ಅವ್ವನ್ನ ಕೇಳಲಿಲ್ಲ. ಕೇಳಬೇಡ ಅಂದಿದ್ದಳಲ್ಲ!

ಆರತಿ ಎತ್ತಿ ಚಿಕ್ಕತಾಯಮ್ಮ ತಿರುಗಿದಳು. ಕೊಡ ಮಗುಚಿ ಬಿದ್ದಿತ್ತು. ನೀರು ಅವಳ ಕಾಲಿನ ಕೆಳಗೇ ಹಾದು ಬೀದಿಗೆ ಹೋಗ್ತಿತ್ತು. ಕೂಸು ಹಸಿದು ಕಿರುಚುತ್ತಿತ್ತು.

"ಹೆದರಬೇಡ ಕಣವ್ವಾ, ಒಂದು ತೊಟ್ಟೂ ಬಿಡದೆ ಚೆಲ್ಲಿದೆ. ಕೂಸು ಉಳೀತು!" ಅಂದ ಜವರ, ಕೈ ಚಾಚುತ್ತಾ. "ತಟ್ಟೇದೂ ಕೊಡು ಇಲ್ಲಿ!"