ಅಮ್ಮನ ಕೈ ನಿಂತದ್ದು

"ಮೇಷ್ಟ್ರೇ, ಮುಂದೆ ಯಾವ ಪರೀಕ್ಷೆ ಬರೆಯಲಿ?" ಎಂದು ತನುಜಾ ಕೇಳಿದಳು.

ಅವಳು ನೆಟ್‌ವರ್ಕ್ ಎಂಜಿನಿಯರ್. ಆ ವಿದ್ಯೆ ಕಲಿಸಿದವರು ಪುಟ್ಟಬಸವಯ್ಯ ಮೇಷ್ಟ್ರು. ಮೊದಲ ಸರ್ಟಿಫಿಕೇಟ್ ಬಂದಾಗ ಅದನ್ನು ಅವರಿಗೇ ಮೊದಲು ತೋರಿಸಿದ್ದಳು. ಈಗ ಜೊತೆಯವರಲ್ಲಿ ಕೆಲವರು ಕ್ಲೌಡ್ ಓದು ಎನ್ನುತ್ತಿದ್ದರು, ಕೆಲವರು ಸೆಕ್ಯುರಿಟಿ ಎನ್ನುತ್ತಿದ್ದರು. ಒಂದನ್ನು ಹಿಡಿದರೆ ಇನ್ನೊಂದು ಕೈತಪ್ಪುತ್ತದೆ ಎಂಬ ಭಯದಲ್ಲಿ ಅವಳು ಯಾವ ಪುಸ್ತಕವನ್ನೂ ತೆರೆದಿರಲಿಲ್ಲ.

ಮೇಷ್ಟ್ರು ಅವಳನ್ನು ಕೂರಿಸಿಕೊಂಡು ಒಂದು ಕತೆ ಹೇಳಿದರು.

ಒಬ್ಬ ಎಂಜಿನಿಯರ್ ಇದ್ದ. ಅವನಿಗೂ ಇದೇ ಚಿಂತೆ. ಕೊನೆಗೆ ಎಲ್ಲರೂ ಓದುತ್ತಿದ್ದ ಕ್ಲೌಡ್ ಪರೀಕ್ಷೆಗೇ ಹೆಸರು ಕೊಡಬೇಕೆಂದುಕೊಂಡಿದ್ದ. ಆ ವಾರ ಕಂಪನಿ ಅವನನ್ನು ಕಿವಿ ಕೇಳದ ಮಕ್ಕಳ ಒಂದು ವಸತಿಶಾಲೆಗೆ ಕಳಿಸಿತು. ಅಲ್ಲಿನ ಮಕ್ಕಳು ಭಾನುವಾರ ಸಂಜೆ ವಿಡಿಯೋ ಕರೆಯಲ್ಲಿ ಮನೆಯವರೊಡನೆ ಕೈಸನ್ನೆಯಲ್ಲಿ ಮಾತಾಡುತ್ತಿದ್ದರು. ಎಲ್ಲರೂ ಒಟ್ಟಿಗೆ ಕೂತಾಗ ಚಿತ್ರ ನಿಂತುಹೋಗುತ್ತಿತ್ತು. ಚಿತ್ರ ನಿಂತರೂ ನಮಗೆ ದನಿ ಕೇಳುತ್ತದೆ. ಆ ಮಕ್ಕಳಿಗೆ ಮಾತೇ ನಿಂತಂತೆ.

ಒಬ್ಬಳು ಪುಟ್ಟ ಹುಡುಗಿ ಆ ವರ್ಷವೇ ಸೇರಿದ್ದಳು. ಪರದೆಯಲ್ಲಿ ಅಮ್ಮನ ಕೈ ಅರ್ಧಕ್ಕೆ ನಿಲ್ಲುವುದನ್ನು ಕೆಲವು ವಾರ ನೋಡಿದಳು. ಆಮೇಲೆ ಕರೆಗೆ ಬರುವುದನ್ನೇ ಬಿಟ್ಟಳು. ಕಾರಣ ಕೇಳಿದರೆ ತಲೆ ತಗ್ಗಿಸುತ್ತಿದ್ದಳು. ಮಗಳು ಮುನಿಸಿಕೊಂಡಿದ್ದಾಳೆಂದು ತಿಳಿದ ತಾಯಿ, ಶಾಲೆ ಬಿಡಿಸಿ ಕರೆದೊಯ್ಯುತ್ತೇನೆಂದು ಹೇಳಿಕಳಿಸಿದ್ದಳು. ವಾರ್ಡನ್ ಇದನ್ನೆಲ್ಲ ಎಂಜಿನಿಯರನಿಗೆ ತಿಳಿಸಿದರು.

ಅವನು ಕೇಬಲ್ ನೋಡಿದ, ರೌಟರ್ ನೋಡಿದ. ಅವುಗಳಲ್ಲಿ ತಪ್ಪು ಸಿಗಲಿಲ್ಲ. ಉಳಿದದ್ದು ವೈ-ಫೈ. ಅವನು ಚೆನ್ನಾಗಿ ಬಲ್ಲದ್ದು ತಂತಿಯ ವಿದ್ಯೆ. ವೈ-ಫೈ ಆನ್ ಮಾಡಿ ಬಿಡುವಷ್ಟು ಮಾತ್ರ ಗೊತ್ತಿತ್ತು. ಆ ತಾಯಿಯನ್ನು ಸ್ವಲ್ಪ ದಿನ ತಡೆಯಿರಿ ಎಂದು ವಾರ್ಡನ್‌ರನ್ನು ಕೇಳಿಕೊಂಡು ಮರಳಿದ. ಕ್ಲೌಡ್ ಬಿಟ್ಟು, ವೈ-ಫೈಯಂಥ ತಂತಿಯಿಲ್ಲದ ಜಾಲದ ವಿದ್ಯೆಯಾದ ವೈರ್‌ಲೆಸ್ ಪರೀಕ್ಷೆಗೆ ಓದತೊಡಗಿದ. ಇದರಿಂದ ನಿನಗೇನು ಬಡ್ತಿ ಸಿಗುತ್ತದೆ ಎಂದು ಜೊತೆಯವರು ನಕ್ಕರು. ಅವನು ಓದಿದ್ದನ್ನು ರಜೆಯ ದಿನ ಶಾಲೆಗೆ ಹೋಗಿ ಮಾಡಿ ನೋಡುತ್ತಿದ್ದ. ಒಮ್ಮೊಮ್ಮೆ ಇದ್ದದ್ದನ್ನೂ ಕೆಡಿಸಿ ಬೈಸಿಕೊಂಡ. ಕಡೆಗೆ ತಿಳಿಯಿತು. ಕಟ್ಟಡದ ವೈ-ಫೈ ಪೆಟ್ಟಿಗೆಗಳೆಲ್ಲ ಒಂದೇ ಚಾನೆಲ್‌ನಲ್ಲಿ, ಅಂದರೆ ಒಂದೇ ರೇಡಿಯೋ ಅಲೆಯ ದಾರಿಯಲ್ಲಿ ಇದ್ದವು. ಒಂದರ ಸಂದೇಶವನ್ನು ಇನ್ನೊಂದು ಕೆಡಿಸುತ್ತಿತ್ತು. ಅವನು ಅಕ್ಕಪಕ್ಕದ ಪೆಟ್ಟಿಗೆಗಳನ್ನು ಬೇರೆ ಬೇರೆ ಚಾನೆಲ್‌ಗೆ ಹಾಕಿದ.

ಮುಂದಿನ ಭಾನುವಾರ ವಾರ್ಡನ್ ಆ ಹುಡುಗಿಯನ್ನು ಪುಸಲಾಯಿಸಿ ಕರೆತಂದರು. ತಾಯಿ ಪರದೆಯಲ್ಲಿ ಕಂಡಳು. ಅವಳ ಕೈ ಆಡಿತು, ಎಲ್ಲೂ ನಿಲ್ಲಲಿಲ್ಲ. ಹುಡುಗಿ ಬಹಳ ಹೊತ್ತು ನೋಡಿ, ತಾನೂ ಕೈಯೆತ್ತಿ ಏನೋ ಕೇಳಿದಳು. ತಾಯಿ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಮಗು ಕೇಳಿದ್ದೇನು ಎಂದು ಎಂಜಿನಿಯರ್ ವಿಚಾರಿಸಿದ.

"'ಅಮ್ಮಾ, ಕೈನೋವು ವಾಸಿಯಾಯಿತಾ?' ಅಂತ ಕೇಳುತ್ತಿದ್ದಾಳೆ," ಎಂದರು ವಾರ್ಡನ್. "ನೋವಿಗೇ ಅಮ್ಮನ ಕೈ ನಿಲ್ಲುತ್ತಿದೆ ಅಂದುಕೊಂಡಿದ್ದಳಂತೆ. ಆ ಕೈಗೆ ವಿಶ್ರಾಂತಿ ಸಿಗಲಿ ಅಂತ ಬರುತ್ತಿರಲಿಲ್ಲವಂತೆ."

ಹುಡುಗಿ ಶಾಲೆಯಲ್ಲೇ ಉಳಿದಳು.

ಮೇಷ್ಟ್ರು ಕತೆ ಮುಗಿಸಿದರು. ಅವನು ಆ ವೈರ್‌ಲೆಸ್ ಪರೀಕ್ಷೆ ಪಾಸಾದನೇ ಎಂದು ತನುಜಾ ಕೇಳಿದಳು. ಮೊದಲ ಸಲ ಫೇಲಾದ, ಆಮೇಲೆ ಪಾಸಾದ ಎಂದರು ಮೇಷ್ಟ್ರು. ಹಾಗಾದರೆ ತಾನೂ ವೈರ್‌ಲೆಸ್ ಓದಲೇ ಎಂದು ಅವಳು ಕೇಳಿದಳು.

ಮೇಷ್ಟ್ರು ಮೆಲ್ಲಗೆ ಹೇಳಿದರು: "ನೀನು ನೋಡಿಕೊಳ್ಳುವ ಲೈನಿನ ಆ ಕೊನೆಯಲ್ಲಿ ಯಾರು ಕೂತಿದ್ದಾರೆ, ತನುಜಾ?"